ಸ್ಯಾಕ್ಸೊಫೋನಿಗೆ ಸಿಕ್ಕಿದ ಬೀಗಿತ್ತಿ

ರೆಕಾರ್ಡಿಂಗ್ ಕೆಲಸ ಕಲಿಯಬೇಕೆಂದು ಹೊರಟ ಹುಡುಗ ಹುಡುಗಿಯರು ಈಗಲೂ ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಬಂದವರು ಮೊದಲು ಕೇಳುವುದು, ಯಾವ ಮೈಕ್ ತಗೊಳ್ಳಬೇಕು ಮೇಡಂ, ಎಂದು. ನಾನು ಮೊದಲು ಕೇಳುವುದು, ನಿಮ್ಮ ಪಕ್ಕದ ಮನೆಯವರು ಅನ್ನಕ್ಕೆ ಯಾವಾಗ ಇಡುತ್ತಾರೆ, ಎಂದು. ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ನಿವೃತ್ತಿಯಾದ ಮೇಲೆ ಪಾಪ ಈಯಮ್ಮನಿಗೆ ಏನೋ ಆಗಿದೆ ಎಂದುಕೊಳ್ಳುತ್ತಾರೋ ಏನೋ. ಆದರೆ ನಾನು ತಮಾಷೆಗೆ ಕೇಳುತ್ತಿರುವುದಿಲ್ಲ.

ಹಲಸೂರಿನ ಒಂದು ಅಡ್ಡರಸ್ತೆಯಲ್ಲಿ, ಕಾಫಿಪುಡಿ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಸ್ಟುಡಿಯೊ ಇತ್ತು. ಗೋಡೆಗೆ ತೆಂಗಿನ ನಾರು, ಬಾಗಿಲಿಗೆ ಹಳೆಯ ಹಾಸಿಗೆ, ಕಿಟಕಿಗೆ ಇಟ್ಟಿಗೆ. ಇಷ್ಟೆಲ್ಲ ಮಾಡಿದ್ದರೂ ಪಕ್ಕದ ಮನೆಯ ಕುಕ್ಕರು ಕೂಗಿದರೆ ಮೈಕಿಗೆ ಕೇಳಿಸಿಬಿಡುತ್ತಿತ್ತು. ಕೆಳಗೆ ಕಾಫಿಬೀಜ ಪುಡಿ ಮಾಡುವ ಯಂತ್ರ ಶುರುವಾದರೆ ನೆಲವೇ ನಡುಗುತ್ತಿತ್ತು. ಹಾಗಾಗಿ ಬೆಳಗ್ಗೆ ನನ್ನ ಮೊದಲ ಕೆಲಸ ಪಕ್ಕದ ಮನೆಯ ಬಾಗಿಲಲ್ಲಿ ನಿಂತು, "ಇವತ್ತೇನಮ್ಮಾ ಅಡುಗೆ?" ಎಂದು ವಿಚಾರಿಸುವುದು. ಹುರುಳಿಕಾಳು ಎಂದರೆ ಆ ಬೆಳಗ್ಗೆ ಕೊಳಲಿನವರನ್ನು ಕರೆಯುವಂತಿಲ್ಲ. ಚಿತ್ರಾನ್ನ ಎಂದರೆ ಪರವಾಗಿಲ್ಲ, ರಾತ್ರಿ ಉಳಿದ ಅನ್ನಕ್ಕೆ ಹಾಕುವ ಒಗ್ಗರಣೆಯ ಸದ್ದು ಗೋಡೆ ದಾಟುತ್ತಿರಲಿಲ್ಲ. ಆಮೇಲೆ ಕೆಳಗಿಳಿದು ಕಾಫಿ ಯಂತ್ರಕ್ಕೂ ನಮ್ಮ ಹಾಡಿಗೂ ಒಂದು ರಾಜಿ ಮಾಡಿಸಿ ಬರುತ್ತಿದ್ದೆ. ಡಿಪ್ಲೊಮಾದಲ್ಲಿ ಇದನ್ನು ಯಾರೂ ಕಲಿಸಿರಲಿಲ್ಲ.

ನಾನು ಕೆ.ಆರ್. ಪುರದ ಕಡೆಯ ಕಾರ್ಖಾನೆ ಕಾಲೊನಿಯವಳು. ಅಪ್ಪ ಅಲ್ಲಿ ಫಿಟ್ಟರ್ ಆಗಿದ್ದರು. ಎಲೆಕ್ಟ್ರಾನಿಕ್ಸ್ ಓದಿದ ಕಾಲೊನಿಯ ಹುಡುಗಿಯರೆಲ್ಲ ಅದೇ ಕಾರ್ಖಾನೆಗೆ ಸೇರಿಕೊಳ್ಳುತ್ತಿದ್ದ ಕಾಲದಲ್ಲಿ ನಾನು ಹಲಸೂರಿನ ಬಸ್ಸು ಹತ್ತಿದೆ. ನನ್ನ ಕೆಲಸ ಏನೆಂದು ಅಮ್ಮನಿಗೆ ಪೂರ್ತಿ ಅರ್ಥವೇ ಆಗಲಿಲ್ಲ.

"ಹಾಡೋರು ಒಬ್ರು, ಬಾರ್ಸೋರು ಒಬ್ರು. ನೀನೇನ್ ಮಾಡ್ತೀಯೆ ವಿಮಲಾ ಅಲ್ಲಿ?"

"ಗುಂಡಿ ಒತ್ತೀನಮ್ಮ."

"ಅದಕ್ಕೆ ಮೂರು ವರ್ಷ ಓದ್ಬೇಕಿತ್ತಾ?"

ನಮ್ಮ ಮಾಲೀಕರು ವರದರಾಜು ಎಂದು. ದೇವರ ಕ್ಯಾಸೆಟ್ಟುಗಳಿಂದ ಮೇಲೆ ಬಂದ ಮನುಷ್ಯ. ಒಳ್ಳೆಯವರೇ, ಆದರೆ ಯಾವ ಕಾಯಿಲೆಗೂ ಅವರ ಹತ್ತಿರ ಇದ್ದದ್ದು ಒಂದೇ ಔಷಧಿ. ಗಾಯಕಿ ಅಪಸ್ವರ ಹಾಡಿದರೆ, "ಸ್ವಲ್ಪ ಎಕೋ ಹಾಕಮ್ಮ." ತಬಲಾ ತಾಳ ತಪ್ಪಿದರೆ, "ಸ್ವಲ್ಪ ಎಕೋ ಹಾಕಮ್ಮ." ಒಂದು ಉಪ್ಪಿನಕಾಯಿ ಜಾಹೀರಾತಿಗೂ ನಾನು ಇಲ್ಲದ ಹೊತ್ತಿನಲ್ಲಿ ತಾವೇ ಕೂತು ಧಾರಾಳವಾಗಿ ಎಕೋ ಸುರಿದಿದ್ದರು. ಕೇಳಿದರೆ ಯಾರೋ ಭರಣಿಯೊಳಗೆ ಬಿದ್ದು ಕೂಗಿಕೊಳ್ಳುತ್ತಿರುವ ಹಾಗಿತ್ತು. ಉಪ್ಪಿನಕಾಯಿಯವರು ಮಾತ್ರ ತುಂಬ ಮೆಚ್ಚಿಕೊಂಡರು. ಭರಣಿಯ ವಾತಾವರಣ ಚೆನ್ನಾಗಿ ಬಂದಿದೆ ಎಂದರು. ಆವತ್ತಿನಿಂದ ನಮ್ಮ ಮಾಲೀಕರನ್ನು ಹಿಡಿಯುವವರೇ ಇರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಸ್ಟುಡಿಯೊಗೆ ಕಂಪ್ಯೂಟರ್ ಬಂತು. ಅಲ್ಲಿಯವರೆಗೆ ಟೇಪನ್ನು ಬ್ಲೇಡಿನಲ್ಲಿ ಕತ್ತರಿಸಿ ಅಂಟಿಸುತ್ತಿದ್ದವಳು ನಾನು. ಕತ್ತರಿಸಿದ ತುಂಡು ಕಳೆದುಹೋದರೆ ಒಂದು ಚರಣವೇ ಹೋದಂತೆ. ಒಮ್ಮೆ ಒಂದು ಸುಪ್ರಭಾತದ ತುಂಡು ನನ್ನ ಚಪ್ಪಲಿಗೆ ಅಂಟಿಕೊಂಡು ಶಿವಾಜಿನಗರ ಬಸ್‌ಸ್ಟ್ಯಾಂಡಿನವರೆಗೂ ಹೋಗಿತ್ತು. ಕಂಪ್ಯೂಟರಿನಲ್ಲಿ ಆ ಭಯವಿಲ್ಲ, ತಪ್ಪಾದರೆ ಹಿಂದಕ್ಕೆ ಹೋಗಬಹುದು ಎಂದರು. ಮಾಲೀಕರು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಊದುಬತ್ತಿ ಬೆಳಗಿಸಿದರು. ಕುಂಕುಮ ಕೀಬೋರ್ಡಿನೊಳಗೆ ಇಳಿದು, ಮೊದಲ ದಿನವೇ ಹಿಂದಕ್ಕೆ ಹೋಗುವ ಕೀಲಿ ಕೆಟ್ಟುಹೋಯಿತು.

ಆ ಹೊತ್ತಿಗೇ ದಾಸ್ ಅಂಕಲ್ ಬಂದರು.

ಅವರ ಪೂರ್ತಿ ಹೆಸರು ಆರೋಗ್ಯದಾಸ್. ಮನೆ ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿ. ವಯಸ್ಸಿನಲ್ಲಿ ಕಂಟೋನ್ಮೆಂಟಿನ ಕ್ಲಬ್ಬುಗಳಲ್ಲಿ ಜಾಜ್ ನುಡಿಸಿದವರು. ಕ್ಲಬ್ಬುಗಳಲ್ಲಿ ಡಾನ್ಸ್ ನಿಂತುಹೋದ ಮೇಲೆ ಕೆಂಪು ಕೋಟು ತೊಟ್ಟು ಮದುವೆ ಬ್ಯಾಂಡಿಗೆ ಸೇರಿಕೊಂಡರು. ಹೊಸಕೋಟೆ, ಮಾಲೂರಿನ ಕಡೆ ಅವರ ಬ್ಯಾಂಡು ಇಲ್ಲದ ಮೆರವಣಿಗೆ ಕಡಿಮೆ. ನಮ್ಮ ಮಾಲೀಕರ ಮದುವೆಯಲ್ಲೂ ನುಡಿಸಿದ್ದರಂತೆ. ಸ್ಯಾಕ್ಸೊಫೋನಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತವರು ನೇರವಾಗಿ ವಿಷಯಕ್ಕೆ ಬಂದರು. ಮೇಲಿನ ತುಟಿ ಎತ್ತಿ ತೋರಿಸಿದರು. ಮುಂದಿನ ಎರಡು ಹಲ್ಲು ಸಡಿಲವಾಗಿದ್ದವು.

"ಕಮರ್ಷಿಯಲ್ ಸ್ಟ್ರೀಟ್ ಡಾಕ್ಟರ್ ಹೇಳ್ಬಿಟ್ಟ, ತೆಗೀಲೇಬೇಕು ಅಂತ. ತೆಗೆದ್ರೆ ಮುಗೀತು ಮ್ಯಾನ್. ಸ್ಯಾಕ್ಸ್ ನಿಲ್ಲೋದೇ ಈ ಹಲ್ಲು ಮೇಲೆ. ಕಟ್ಟಿಸ್ಕೊಂಡ ಹಲ್ಲಲ್ಲಿ ಊದ್ಬಹುದು, ಆದ್ರೆ ಅದು ನನ್ ಸೌಂಡ್ ಆಗಿರಲ್ಲ. ಲೈಫ್ ಪೂರಾ ಬೇರೆಯವ್ರ ಪಾಟೇ, ಬೇರೆಯವ್ರ ಹಾಡೇ ಊದಿದೀನಿ. ಹಲ್ಲು ಬೀಳೋಕೆ ಮುಂಚೆ ನಂದು ಅಂತ ಒಂದು ಆಲ್ಬಮ್. ಅಷ್ಟೇ ಮಾ."

ಮದುವೆಯಲ್ಲಿ ಊದಿದವರಿಗೆ ಇಲ್ಲ ಎನ್ನಲು ಮಾಲೀಕರಿಗೆ ಬಾಯಿ ಬರಲಿಲ್ಲ. ಸ್ಟುಡಿಯೊ ಖಾಲಿ ಇದ್ದಾಗಲೆಲ್ಲ ಬಂದು ನುಡಿಸಿ ಎಂದರು. ಹೊಸ ಕಾಲಕ್ಕೆ ತಕ್ಕ ಹಾಗಿರಲಿ ಎಂದು ಇಂದಿರಾನಗರದ ವಿವೇಕ್ ಎಂಬ ಸಿಂಥಸೈಜರ್ ವಾದಕನನ್ನೂ ಕರೆಸಿದರು. ಜಾಹೀರಾತುಗಳಿಗೆ ಸಂಗೀತ ಮಾಡಿ ಹೆಸರು ಮಾಡುತ್ತಿದ್ದವನು. ಅವನು ಬಂದವನೇ ಒಂದು ಕೀಲಿ ಒತ್ತಿ, ಅದು ಮೇಲೇಳದ ಹಾಗೆ ಸಂದಿಗೆ ಮಡಿಚಿದ ಕಾಗದ ಸಿಕ್ಕಿಸಿ, ಕಾಫಿ ಕುಡಿಯಲು ಕೆಳಗಿಳಿದುಹೋದ. ಸ್ವರ ಒಂದೇ ಸಮ ಗುಂಯ್ ಎನ್ನುತ್ತಲೇ ಇತ್ತು. ಅದಕ್ಕೆ ಆಂಬಿಯೆಂಟ್ ಸಂಗೀತ ಎನ್ನುತ್ತಾರೆ ಎಂದು ನನಗೆ ಗೊತ್ತಾದದ್ದು ಅವನು ಕಾಫಿ ಮುಗಿಸಿ ಬಂದ ಮೇಲೆ.

"ಯಾರಪ್ಪ ಇದು ಫ್ರಿಜ್ ಆನ್ ಮಾಡಿ ಹೋದೋನು?" ಎಂದರು ದಾಸ್ ಅಂಕಲ್.

"ಫ್ರಿಜ್ ಅಲ್ಲ ಅಂಕಲ್, ಅಟ್ಮಾಸ್ಫಿಯರ್."

"ಅಟ್ಮಾಸ್ಫಿಯರಾ? ರಸೆಲ್ ಮಾರ್ಕೆಟ್ ಹಿಂದೆ ಮೂವತ್ತು ವರ್ಷದಿಂದ ಇದೀನಿ ಮ್ಯಾನ್. ನನಗೇ ಅಟ್ಮಾಸ್ಫಿಯರ್ ತೋರಿಸ್ತೀಯಾ?"

ಮೊದಲ ವಾರ ಪೂರ್ತಿ ಇದೇ ಜಗಳ. ಇವರ ಸ್ಯಾಕ್ಸೊಫೋನು ಹಾರಿ ಹೋಗುತ್ತದೆ, ಅವನ ಸ್ವರ ಕದಲುವುದಿಲ್ಲ. ನಡುವೆ ಕೂತ ನನಗೆ ಒಬ್ಬರು ಬಸ್ಸಿನ ಹಿಂದೆ ಓಡುತ್ತಿದ್ದಾರೆ, ಇನ್ನೊಬ್ಬರು ಸ್ಟಾಪಿನಲ್ಲಿ ನಿದ್ದೆ ಮಾಡುತ್ತಿದ್ದಾರೆ ಎನಿಸುತ್ತಿತ್ತು. ಒಂದು ಮಧ್ಯಾಹ್ನ ವಿವೇಕ್ ಸುಮ್ಮನೆ ಸ್ವರವನ್ನು ತೀರ ಕೆಳಗಿಳಿಸಿ ಏನನ್ನೋ ಹುಡುಕುತ್ತಿದ್ದ. ದಾಸ್ ಅಂಕಲ್ ತಟ್ಟನೆ ಕೈ ಎತ್ತಿದರು.

"ಅಲ್ಲೇ ನಿಲ್ಸು. ಇದು ಜನರೇಟರು!"

ಮದುವೆ ಮೆರವಣಿಗೆಯಲ್ಲಿ ಟ್ಯೂಬ್‌ಲೈಟ್ ಹೊತ್ತವರ ಹಿಂದೆ ಜನರೇಟರಿನ ಗಾಡಿ ಬರುತ್ತದಲ್ಲ, ಅದರ ಗುಂಯ್‌ಗುಡುವಿಕೆ ಅದೇ ಸ್ವರದಲ್ಲಿತ್ತಂತೆ. ಅಷ್ಟು ವರ್ಷ ಅದನ್ನೇ ಶ್ರುತಿಯಾಗಿ ಹಿಡಿದು ಊದಿದವರು ಅವರು. ಕಣ್ಣು ಮುಚ್ಚಿ ನುಡಿಸತೊಡಗಿದರು. ವಿವೇಕ್ ಎರಡನೆಯ ಸ್ವರವನ್ನು ಮೆಲ್ಲಗೆ ಅದರೊಳಗೆ ಬಿಟ್ಟ. ಆವತ್ತಿನಿಂದ ಅವರಿಬ್ಬರೂ ಗುರು, ಮ್ಯಾನ್ ಎಂದುಕೊಂಡು ಒಂದೇ ಲೋಟದ ಕಾಫಿಯನ್ನು ಹಂಚಿಕೊಳ್ಳತೊಡಗಿದರು. ಒಳಗೊಳಗೇ ನನಗೂ ಖುಷಿಯಾಯಿತು, ತೋರಿಸಿಕೊಳ್ಳಲಿಲ್ಲ. ಗುಂಡಿ ಒತ್ತುವವರು ಖುಷಿ ತೋರಿಸಿದರೆ ನುಡಿಸುವವರು ಬಿಗಿಯಾಗಿಬಿಡುತ್ತಾರೆ.

ದಾಸ್ ಅಂಕಲ್ ನುಡಿಸುತ್ತಿದ್ದ ಧಾಟಿಗಳು ಯಾವ ಜಾಜಿನವೂ ಅಲ್ಲ. ಮೆರವಣಿಗೆ ಹೆಣ್ಣಿನ ಮನೆ ಮುಂದೆ ನಿಂತಾಗ ಬ್ಯಾಂಡಿನವರಿಗೆ ಸ್ವಲ್ಪ ಬಿಡುವು. ಆಗ ಹೆಂಗಸರು ಹಾಡು ಎತ್ತುತ್ತಾರೆ. ಸೋಬಾನೆ, ಆರತಿ ಹಾಡು, ಹಸೆ ಹಾಡು. ಉಳಿದ ವಾದ್ಯದವರು ಬೀಡಿ ಹಚ್ಚಿಕೊಳ್ಳಲು ಪಕ್ಕಕ್ಕೆ ಸರಿದರೆ, ದಾಸ್ ಅಂಕಲ್ ಸ್ಯಾಕ್ಸೊಫೋನನ್ನು ಕೊರಳಿಗೆ ತೂಗುಬಿಟ್ಟುಕೊಂಡು ಅಲ್ಲೇ ನಿಂತು ಕೇಳುತ್ತಿದ್ದರಂತೆ. ಹಾಗೆ ತಲೆಯಲ್ಲಿ ತುಂಬಿಕೊಂಡ ಧಾಟಿಗಳನ್ನು ಈಗ ಒಂದೊಂದಾಗಿ ತೆಗೆಯುತ್ತಿದ್ದರು.

"ಅಂಕಲ್, ಇದರ ಮಾತು ಏನು?" ಎಂದು ನಾನು ಕೇಳಿದ್ದುಂಟು.

"ಮಾತು ನನ್ ಡಿಪಾರ್ಟ್‌ಮೆಂಟ್ ಅಲ್ಲ ಮಾ" ಎನ್ನುತ್ತಿದ್ದರು.

ಇಲ್ಲಿ ಹೊಸಬರಿಗೆ ಒಂದು ಮಾತು. ಸ್ಯಾಕ್ಸೊಫೋನಿನ ಸದ್ದು ಅದರ ಬಾಯಿಂದಷ್ಟೇ ಬರುವುದಿಲ್ಲ, ಮೈಯಿಂದಲೂ ಬರುತ್ತದೆ. ಮೈಕನ್ನು ಬಾಯಿಯ ಮುಂದೆ ಇಟ್ಟರೆ ಬೈಗುಳ ಕೇಳಿದ ಹಾಗಿರುತ್ತದೆ. ಸ್ವಲ್ಪ ದೂರದಲ್ಲಿ, ಬೆರಳುಗಳ ಕಡೆ ಮುಖ ಮಾಡಿ ಇಡಿ. ಉಸಿರು ಎಳೆದುಕೊಳ್ಳುವ ಸದ್ದು ಬಂದರೆ ಬರಲಿ, ಅದು ಮನುಷ್ಯನ ಸದ್ದು.

ಕೊನೆಯ ಧಾಟಿಯನ್ನು ಅವರು ಕಾಪಾಡಿ ಇಟ್ಟುಕೊಂಡಿದ್ದರು. ಹಲ್ಲು ಕೀಳಿಸುವ ಹಿಂದಿನ ದಿನ ಅದನ್ನು ನುಡಿಸಿದರು. ದವಡೆ ಬಾತುಕೊಂಡಿತ್ತು. ಹಲ್ಲಿಗೂ ವಾದ್ಯಕ್ಕೂ ನಡುವೆ ಒಂದು ಚೂರು ರಬ್ಬರ್ ಇಟ್ಟುಕೊಂಡಿದ್ದರು. ಪಕ್ಕದ ಮನೆಯಲ್ಲಿ ಚಿತ್ರಾನ್ನ ಎಂದು ಖಾತ್ರಿ ಮಾಡಿಕೊಂಡು ಬಂದು ಗುಂಡಿ ಒತ್ತಿದೆ. ತುಂಬ ನಿಧಾನವಾಗಿ, ಪ್ರತಿ ಸಾಲಿನ ಕೊನೆಗೆ ಮುಂದಿನದು ಬರುತ್ತದೋ ಇಲ್ಲವೋ ಎನ್ನುವಷ್ಟು ಬಿಡುವು ಕೊಟ್ಟು ನುಡಿಸಿದರು. ವಿವೇಕ್ ಕೀಲಿಗಳ ಮೇಲೆ ಕೈ ಇಟ್ಟಿದ್ದನೋ ಇಲ್ಲವೋ ಎಂಬಂತೆ ಹಿಂದೆ ನಿಂತಿದ್ದ. ಮುಗಿಯಿತು. ಮಾಲೀಕರು ಬಾಯಿ ತೆರೆದರು. ಎಕೋ ಎನ್ನುತ್ತಾರೆ ಎಂದು ನಾನು ಕಾದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಏನೂ ಹಾಕ್ಬೇಡಮ್ಮ" ಎಂದರು.

ಇನ್ನೊಂದು ಟೇಕ್ ಕೊಡಿ ಎನ್ನುವ ಧೈರ್ಯ ನನಗಿರಲಿಲ್ಲ. ಅಂಕಲ್ ರಬ್ಬರ್ ತೆಗೆದಾಗ ಅದರ ಮೇಲೆ ರಕ್ತ ಇತ್ತು. ಮಾರನೆಯ ದಿನ ಹಲ್ಲು ಹೋದವು.

ಅದರ ಕ್ಯಾಸೆಟ್ಟನ್ನು ಮನೆಗೆ ತಂದು ಅಮ್ಮನಿಗೆ ಕೇಳಿಸಿದೆ. ನನ್ನ ಕೆಲಸ ಏನೆಂದು ಅವಳಿಗೆ ಒಂದು ಸಲವಾದರೂ ಗೊತ್ತಾಗಲಿ ಎಂಬ ಆಸೆ. ಅಮ್ಮ ಅವರೆಕಾಳು ಬಿಡಿಸುತ್ತ ಕೇಳುತ್ತಿದ್ದಳು. ಎರಡನೆಯ ಸಾಲು ಮುಗಿಯುವುದರೊಳಗೆ ಅವಳ ಹೆಗಲು ಅಲುಗತೊಡಗಿತು. ಅಳುತ್ತಿದ್ದಾಳೆ ಎಂದುಕೊಂಡೆ. ನೋಡಿದರೆ ನಗುತ್ತಿದ್ದಾಳೆ. ಮಡಿಲಿನ ಕಾಳೆಲ್ಲ ನೆಲದ ಮೇಲೆ.

"ಅಯ್ಯೋ ನಿನ್ನ, ಇದು ಬೀಗಿತ್ತಿ ಹಾಡು ಕಣೆ! ಇದನ್ನ ಯಾರೇ ಹಿಂಗೆ ಸಾವಿಗೆ ಊದೋ ಹಂಗೆ ಊದ್ದೋರು?"

ಬೀಗಿತ್ತಿ ಹಾಡು ಎಂದರೆ ಗಂಡಿನ ಕಡೆಯವರು ಹೆಣ್ಣಿನ ತಾಯಿಯನ್ನು ಛೇಡಿಸುವ ಹಾಡು. ಚಪ್ಪಾಳೆ ತಟ್ಟಿಕೊಂಡು, ಕುಣಿಯುವ ಲಯದಲ್ಲಿ ಹೇಳುವುದು. ಅಮ್ಮನ ತವರು ಹೊಸಕೋಟೆಯ ಹತ್ತಿರ. ಅವಳು ಕಣ್ಣೊರೆಸಿಕೊಂಡು ಹಾಡಿಯೇ ತೋರಿಸಿದಳು:

ಬೀಗಿತ್ತಿ ಬರುವಾಗ ಬಾಗಿಲು ಸಾಲದು
ಪಕ್ಕದ ಗೋಡೆ ಒಡೆಸಿರಿ, ನಮ್ಮ
ಅಕ್ಕಿಯ ಮೂಟೆ ಅಡಗಿಸಿರಿ

ಧಾಟಿ ಅದೇ, ಒಂದು ಸ್ವರವೂ ಆಚೀಚೆ ಇಲ್ಲ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಲ್ಲಿನ ಕೊನೆಯ ಶಕ್ತಿಯನ್ನೆಲ್ಲ ಹಾಕಿ ಆ ಮನುಷ್ಯ ನುಡಿಸಿದ್ದು ದಪ್ಪನೆಯ ಬೀಗಿತ್ತಿಯ ಗೇಲಿ. ಮುಚ್ಚಿಡಬಹುದಿತ್ತು. ಆದರೆ ಆಲ್ಬಮ್ ಹೊರಬಂದ ಮೇಲೆ ಹೊಸಕೋಟೆಯ ಮದುವೆ ಮನೆಗಳಲ್ಲಿ ಯಾರಾದರೂ ಅವರ ಮುಖಕ್ಕೇ ನಕ್ಕರೆ? ಅದಕ್ಕಿಂತ ನಾನು ಹೇಳುವುದೇ ವಾಸಿ ಎಂದು ಹೇಳಿದೆ.

ದಾಸ್ ಅಂಕಲ್ ಬಾಯಿಗೆ ಕರ್ಚೀಫು ಒತ್ತಿಕೊಂಡು ಕೇಳಿದರು. "ತೆಗೆದ್ಬಿಡು ಮಾ ಅದನ್ನ" ಎಂದರು. ಗಾಳಿ ಸೋರುವ ಮಾತು. "ಕಾಮಿಡಿ ಆಗ್ಬಿಟ್ಟೆ. ಇನ್ನೊಂದ್ಸಲ ಊದೋಣ ಅಂದ್ರೆ ಹಲ್ಲೂ ಇಲ್ಲ."

ವಿವೇಕನಿಗೆ ತಡೆಯಲಾಗಲಿಲ್ಲ. "ಇರಿ ಗುರು, ಕಂಪ್ಯೂಟರ್ ಯಾಕಿದೆ? ಸ್ಪೀಡ್ ಮಾಡ್ಬಿಡೋಣ. ಸ್ವರ ಹಂಗೇ ಇರುತ್ತೆ, ಬರೀ ಓಡುತ್ತೆ" ಎಂದು ಕೂತ. ಮಧ್ಯಾಹ್ನವೆಲ್ಲ ಕಂಪ್ಯೂಟರು ಲೆಕ್ಕ ಹಾಕಿತು. ಕೊನೆಗೆ ಹೊರಬಂದದ್ದು ನೆಗಡಿಯಾದ ಮಕ್ಕಳ ಪೀಪಿ. ದಾಸ್ ಅಂಕಲ್ ಪೂರ್ತಿ ಕೇಳಿ, "ಹಲ್ಲು ಕಿತ್ತಿದ್ದು ನಂದಾ, ಇದರದ್ದಾ?" ಎಂದರು. ಮಾಲೀಕರು ಬಾಗಿಲಿಂದ ಇಣುಕಿ, "ಸ್ವಲ್ಪ ಎಕೋ..." ಎಂದವರು ಅಂಕಲ್ ಮುಖ ನೋಡಿ ಹಾಗೇ ಹಿಂದಕ್ಕೆ ಸರಿದರು.

ಹೋಗುವ ಮುಂಚೆ ಅಂಕಲ್ ನನ್ನನ್ನು ಕೇಳಿದರು: "ನಿಮ್ಮಮ್ಮ ನನಗೆ ಒಂದ್ಸಲ ಹಾಡಿ ತೋರಿಸ್ತಾರಾ? ಎಲ್ಲಿ ತಪ್ಪಿದೀನಿ ಅಂತ ಗೊತ್ತಾಗ್ಲಿ."

ಭಾನುವಾರ ಅವರು ಕಾಲೊನಿಗೆ ಬಂದರು. ಬ್ಯಾಂಡಿನವರು ಬರುತ್ತಾರೆಂದು ಅಮ್ಮ ಪಕ್ಕದ ಮನೆಯ ಇಬ್ಬರನ್ನು ಜೊತೆಗೆ ಕೂರಿಸಿಕೊಂಡಿದ್ದಳು. ಮೊದಲು ನಾಚಿಕೊಂಡರು. ಆಮೇಲೆ ಚಪ್ಪಾಳೆ ಹಿಡಿದರು ನೋಡಿ, ನಿಲ್ಲಿಸುವುದೇ ಕಷ್ಟವಾಯಿತು. ಬೀಗಿತ್ತಿಯ ಹೊಟ್ಟೆ, ಬೀಗಿತ್ತಿಯ ನಡಿಗೆ, ಬೀಗಿತ್ತಿ ಕದ್ದ ಹಪ್ಪಳ, ಯಾವುದನ್ನೂ ಬಿಡಲಿಲ್ಲ. ದಾಸ್ ಅಂಕಲ್ ಗೋಡೆಗೆ ಒರಗಿ, ತಲೆ ತಗ್ಗಿಸಿ, ಬೆರಳಿನಲ್ಲಿ ಮಂಡಿಯ ಮೇಲೆ ತಾಳ ಹಾಕುತ್ತಿದ್ದರು.

ಹಾಡು ಮುಗಿದ ಮೇಲೆ ಅಮ್ಮನೇ, "ಅವತ್ತು ನಗು ಬಂದ್ಬಿಟ್ಟು ಪೂರ್ತಿ ಕೇಳ್ಲಿಲ್ಲ ಸ್ವಾಮಿ. ನಿಮ್ದೂ ಒಂದ್ಸಲ ಹಾಕ್ಲಿ" ಎಂದಳು. ಬೇಡ ಎಂದು ಅಂಕಲ್ ಕೈ ಆಡಿಸಿದರೂ ನಾನು ಕ್ಯಾಸೆಟ್ ಹಾಕಿದೆ.

ಮೊದಲ ಸಾಲಿಗೆ ಪಕ್ಕದ ಮನೆಯವರು ಸೆರಗು ಬಾಯಿಗಿಟ್ಟುಕೊಂಡು ಮುಸಿಮುಸಿ ನಕ್ಕರು. ಅಮ್ಮನೂ ನಕ್ಕಳು. ಮೂರನೆಯ ಸಾಲಿಗೆ ಅಮ್ಮನ ನಗು ನಿಂತಿತು. ಸ್ಯಾಕ್ಸೊಫೋನು ಒಂದು ಸಾಲು ಮುಗಿಸಿ, ಉಸಿರೆಳೆದು, ಇನ್ನೊಂದಕ್ಕೆ ಬರುವ ಬಿಡುವುಗಳಲ್ಲಿ ನಮ್ಮ ನಡುಮನೆಯಲ್ಲಿ ಫ್ಯಾನಿನ ಸದ್ದು ಮಾತ್ರ. ಕ್ಯಾಸೆಟ್ ಮುಗಿದು ಗುಂಡಿ ತಾನಾಗಿ ಮೇಲೆ ಬಂತು.

"ನನ್ ಮದ್ವೇಲಿ ಇದನ್ನ ಹಾಡಿದ್ರು" ಎಂದಳು ಅಮ್ಮ. "ನಮ್ಮಮ್ಮನ್ನ ಬೈದು ಹಾಡಿದ್ರು. ಎಲ್ಲಾ ಬಿದ್ದು ಬಿದ್ದು ನಗ್ತಿದ್ರು. ಹಸೆ ಮೇಲೆ ಕೂತು ನಾನೂ ನಗ್ತಿದ್ದೆ. ನಮ್ಮಮ್ಮನೂ ನಗ್ತಾ ಆರತಿ ತಟ್ಟೆ ಹಿಡ್ಕೊಂಡು ನಿಂತಿದ್ಲು. ಕಣ್ಣಲ್ಲಿ ಬಳಬಳ ಅಂತ ನೀರು. ನಗು ಜಾಸ್ತಿ ಆಗಿ ಬಂದಿದ್ದು ಅಂತ್ಲೇ ಅಂದ್ಕೊಂಡಿದ್ದೆ ಕಣೆ, ಇವತ್ತಿನ ತನಕ."

ಆಮೇಲೆ ಅಂಕಲ್ ಕಡೆ ತಿರುಗಿ, "ನೀವು ಎಲ್ಲಿ ನೋಡಿದ್ರಿ ಸ್ವಾಮಿ ನಮ್ಮಮ್ಮನ್ನ?" ಎಂದಳು.

ದಾಸ್ ಅಂಕಲ್ ಕರ್ಚೀಫು ಕೆಳಗಿಳಿಸಿದರು. "ಎಲ್ಲಾ ಮದ್ವೇಲೂ ನೋಡಿದೀನಿ ಮಾ. ನಗೋರು ಆ ಕಡೆ ಇರ್ತಾರೆ. ಬ್ಯಾಂಡ್‌ನೋರನ್ನ ಯಾವಾಗ್ಲೂ ಹೆಣ್ಣಿನ ತಾಯಿ ಪಕ್ಕ ನಿಲ್ಸೋದು. ಹಾಡು ಕೇಳ್ಕೊಂಡು ನಾನು ಅವ್ರ ಮುಖಾನೇ ನೋಡ್ತಿದ್ದೆ."

"ಇದನ್ನ ತೆಗೀಬೇಡಿ" ಎಂದಳು ಅಮ್ಮ. ಅವಳು ಅಷ್ಟು ಗಟ್ಟಿಯಾಗಿ ಯಾರಿಗೂ ಏನನ್ನೂ ಹೇಳಿದ್ದು ನಾನು ಕೇಳಿರಲಿಲ್ಲ.

ಅವರು ತೆಗೆಯಲಿಲ್ಲ. ಅದನ್ನು ಮತ್ತೆ ನುಡಿಸಲೂ ಇಲ್ಲ. ಹಲ್ಲು ಕಟ್ಟಿಸಿಕೊಂಡ ಮೇಲೆ ಬ್ಯಾಂಡಿಗೇನೋ ಹೋಗುತ್ತಿದ್ದರು, ಆದರೆ ಆ ಸದ್ದು ಇರಲಿಲ್ಲ. ಅವರಿಗೇ ಅದು ಎಲ್ಲರಿಗಿಂತ ಮೊದಲು ಗೊತ್ತಾಯಿತು. ಆ ಭಾನುವಾರ ಹೊರಡುವಾಗ ಚಪ್ಪಲಿ ಮೆಟ್ಟುತ್ತ, ನಿಮ್ಮಮ್ಮನ ಹೆಸರೇನು ಎಂದು ಅಮ್ಮನನ್ನು ಕೇಳಿದ್ದರು. ಅಮ್ಮ ಹೇಳಿದ್ದಳು. ಯಾಕೆ ಕೇಳಿದರೆಂದು ನಮಗೆ ಗೊತ್ತಾದದ್ದು ಆಲ್ಬಮ್ ಕೈಗೆ ಬಂದಾಗ. ಕೊನೆಯ ಹಾಡಿನ ಎದುರಿಗೆ 'ಮುನಿಯಮ್ಮ' ಎಂದು ಅಚ್ಚಾಗಿತ್ತು. ಅದು ಯಾವ ರಾಗ ಎಂದು ಕೇಳಿದವರಿಗೆಲ್ಲ ನಮ್ಮ ಮಾಲೀಕರು, ಬಹಳ ಅಪರೂಪದ್ದು, ಎಂದು ಗಂಭೀರವಾಗಿ ಹೇಳುತ್ತಿದ್ದರು.

ಅಮ್ಮ ಆ ಹೊದಿಕೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಅಕ್ಷರಗಳ ಮೇಲೆ ಬೆರಳಾಡಿಸಿದಳು. ತನ್ನ ಮದುವೆಯ ಲಗ್ನಪತ್ರಿಕೆಯಲ್ಲಿ ಅಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರ ಹೆಸರೂ ಇತ್ತು, ತನ್ನ ಅಮ್ಮನದೊಂದು ಇರಲಿಲ್ಲ, ಎಂದಳು.